ನನ್ನ ಬದಲಿಗೆ ಉಪವಾಸ

ಯಾರನ್ನಾದರೂ ಒಂದೇ ಸಲಕ್ಕೆ ನಂಬುವ ಅಭ್ಯಾಸ ನನಗಿಲ್ಲ. ಬಸ್ಸಿನ ಬೋರ್ಡಿನ ಮೇಲೆ ಅರಸೀಕೆರೆ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಕಂಡಕ್ಟರನ್ನು ಕೇಳುತ್ತೇನೆ. ಹತ್ತಿ ಕೂತ ಮೇಲೆ ಪಕ್ಕದವರನ್ನೂ ಕೇಳುತ್ತೇನೆ. ಸಂತೆಯಲ್ಲಿ ಮಾರುವವನು 'ಚೆನ್ನಾಗೈತೆ ಕಣಮ್ಮ, ನನ್ನಾಣೆ' ಅಂದನೋ, ಕೈಯಲ್ಲಿದ್ದ ಕಾಯನ್ನು ಕೆಳಗಿಟ್ಟು ಬೇರೊಂದನ್ನು ಎತ್ತಿಕೊಳ್ಳುತ್ತೇನೆ. ಆಣೆ ಇಡುವಂಥದ್ದು ಅದರಲ್ಲೇನಿದೆ? ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದಾಗ ಮಕ್ಕಳು ಬೆನ್ನ ಹಿಂದೆ ನನ್ನನ್ನು 'ಡೌಟ್ ಮಿಸ್' ಅನ್ನುತ್ತಿದ್ದರು. ನನ್ನ ಯಜಮಾನರಂತೂ 'ಇವಳನ್ನ ಕಟ್ಟಿಕೊಂಡ ಮೇಲೆ ಪೊಲೀಸರ ಭಯವೇ ಹೋಯ್ತು ಕಣ್ರೀ' ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಇಷ್ಟಾದರೂ ದಿನಾ ಸ್ನಾನವಾದ ಮೇಲೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಅರ್ಧ ಗಂಟೆ ಕೂರುತ್ತೇನೆ. ಮೊನ್ನೆ ಮೊಮ್ಮಗಳು, 'ಅಜ್ಜಿ, ನೀನು ಹಾಲಿನವನನ್ನೇ ನಂಬಲ್ಲ. ಕಾಣದ ದೇವರನ್ನ ಹೆಂಗೆ ನಂಬ್ತೀಯ?' ಎಂದಳು. ಒಳ್ಳೆ ಪ್ರಶ್ನೆ. ಉತ್ತರ ಹೇಳಲು ಹೊರಟರೆ ಅವಳ ಸ್ಕೂಲ್ ಬಸ್ಸು ತಪ್ಪಿಹೋಗುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ದೊಡ್ಡಪ್ಪನ ಮನೆಯಲ್ಲಿ. ದೊಡ್ಡಪ್ಪ ಎಂದರೆ ನನ್ನ ಅಮ್ಮನ ಅಕ್ಕನ ಗಂಡ. ಅರಸೀಕೆರೆಯಿಂದ ಹಳೇಬೀಡಿಗೆ ಹೋಗುವ ರಸ್ತೆಯಿಂದ ಒಂದು ಕೂಗಳತೆ ಒಳಗೆ, ತೆಂಗಿನ ತೋಟದ ಅಂಚಿನಲ್ಲಿ ಆ ಮನೆ. ಅಮ್ಮ ತೀರಿಕೊಂಡಾಗ ನನಗೆ ಏಳು ವರ್ಷ. ಅಪ್ಪ ಬಿಕ್ಕೋಡಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದ. ಅಮ್ಮನ ಕಾರ್ಯ ಮುಗಿದ ಮಾರನೆ ದಿನ ನನ್ನನ್ನು ಕರೆದುಕೊಂಡು ಹೊರಟ. ಬೇಲೂರಿನ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಬದಲಾಯಿಸುವಾಗ ನಾನು ಕೇಳದಿದ್ದರೂ ಒಂದು ಪೊಟ್ಟಣ ಕೋಡುಬಳೆ ಕೊಡಿಸಿದ. ಅಪ್ಪ ಕೇಳದೆ ತಿಂಡಿ ಕೊಡಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಆಗಲೇ ನನಗೆ ಏನೋ ಸರಿಯಿಲ್ಲ ಅನಿಸಿತ್ತು. ದೊಡ್ಡಪ್ಪನ ಮನೆಯ ಜಗಲಿಯ ಮೇಲೆ ನನ್ನ ಬಟ್ಟೆಯ ಚೀಲ ಇಟ್ಟು ತಲೆ ಸವರಿದ.

"ಎರಡು ವಾರ ಕಣವ್ವ. ಬಂದು ಕರ್ಕೊಂಡು ಹೋಯ್ತೀನಿ."

ಎರಡು ವಾರ ಹೋಗಿ ಎರಡು ವರ್ಷವಾಯಿತು. ನಡುವೆ ಒಂದೇ ಒಂದು ಸಲ ಬಂದು, ಇನ್ನೊಂದು ಮದುವೆಯಾದ ಸುದ್ದಿ ಹೇಳಿ, ಕಾಫಿ ಕುಡಿದು ಹೋದ. ನಾನು ಕಣಜದ ಹಿಂದೆ ನಿಂತು ನೋಡಿದೆ. ಮಗಳನ್ನು ಕರೆಯಿರಿ ಎಂದು ಅವನೂ ಅನ್ನಲಿಲ್ಲ, ನಾನೂ ಹೊರಗೆ ಬರಲಿಲ್ಲ.

ಆ ಮನೆಯಲ್ಲಿ ನನಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಅದೇ ನನ್ನ ಅನುಮಾನಕ್ಕೆ ಮೂಲ. ದೊಡ್ಡಪ್ಪನ ಮಗಳು ಗಿರಿಜಾ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ನಡುಮನೆಯಲ್ಲಿ ನಾವಿಬ್ಬರೂ ಎದುರು ಬದುರು ಊಟಕ್ಕೆ ಕೂತಾಗ ನನ್ನ ಕಣ್ಣು ನನ್ನ ತಟ್ಟೆಯ ಮೇಲಿರುತ್ತಿರಲಿಲ್ಲ, ಅವಳ ತಟ್ಟೆಯ ಮೇಲಿರುತ್ತಿತ್ತು. ಮುದ್ದೆ ಒಂದೇ ಅಳತೆ, ಹುರುಳಿ ಸಾರು ಒಂದೇ ಸೌಟು. ಆದರೆ ತುಪ್ಪ ಮಾತ್ರ ನನಗೆ ಒಂದು ಮಿಳ್ಳೆ ಹೆಚ್ಚು ಬೀಳುತ್ತಿತ್ತು. ಬೇರೆ ಮಗುವಾಗಿದ್ದರೆ ಹಿಗ್ಗುತ್ತಿತ್ತು. ನಾನು ಹಾಗಲ್ಲ. ಮನೆಗೆ ನೆಂಟರು ಬಂದಾಗ ದೊಡ್ಡಮ್ಮ ಅವರಿಗೂ ಹೀಗೇ ಹೆಚ್ಚು ತುಪ್ಪ ಹಾಕುವುದನ್ನು ಕಂಡಿದ್ದೆ. ನೆಂಟರು ಒಂದಲ್ಲ ಒಂದು ದಿನ ಚೀಲ ಎತ್ತಿಕೊಂಡು ಹೊರಡುವವರು ತಾನೇ? ಹಾಗಾದರೆ ನಾನೂ ಹೊರಡುವವಳು. ಗಿರಿಜೆಯನ್ನು ದೊಡ್ಡಮ್ಮ ದಿನಕ್ಕೆ ಹತ್ತು ಸಲ ಬೈಯುತ್ತಿದ್ದಳು, 'ನಿನ್ ಬಾಯಿಗಿಷ್ಟು ಮಣ್ಣಾಕ' ಎಂದು ಗದರುತ್ತಿದ್ದಳು. ನನ್ನನ್ನು ಮಾತ್ರ 'ಬಾವ್ವ, ಕೂತ್ಕೊಳವ್ವ' ಅನ್ನುತ್ತಿದ್ದಳು. ಒಂದು ಸಲ ಬೇಕೆಂದೇ ಮೊಸರಿನ ಗಡಿಗೆ ಒಡೆದೆ, ಬೈಯುತ್ತಾಳೇನೋ ನೋಡೋಣ ಎಂದು. 'ಕಾಲಿಗೆ ಚುಚ್ಚಿತೇನವ್ವ' ಎಂದು ಬಗ್ಗಿ ನೋಡಿದಳು. ಅಯ್ಯೋ, ಬೈಯಲೇ ಇಲ್ಲ!

ನಡುಮನೆಯ ಮೇಲೆ ಈ ಗೋಡೆಯಿಂದ ಆ ಗೋಡೆಗೂ ಅಟ್ಟ. ಬಲಿತ ತೆಂಗಿನಕಾಯನ್ನು ಸಿಪ್ಪೆ ಸಮೇತ ಅಲ್ಲಿ ಎದೆಮಟ್ಟ ಒಟ್ಟಿ ಹತ್ತು ಹನ್ನೊಂದು ತಿಂಗಳು ಹಾಗೇ ಬಿಟ್ಟುಬಿಡುತ್ತಿದ್ದರು. ಪಕ್ಕದ ಅಡಿಗೆಮನೆಯ ಒಲೆಯ ಬಿಸಿಗೆ ಒಳಗಿನ ನೀರು ತಾನಾಗಿ ಹಿಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನಿಂದ ಬಿಟ್ಟುಕೊಳ್ಳಬೇಕು. ಅಲ್ಲಾಡಿಸಿದರೆ ಗಡಗಡ ಅನ್ನಬೇಕು. ಆಮೇಲೆ ಸುಲಿದು, ಒಡೆದು, ಅರಸೀಕೆರೆಯ ಮಂಡಿಗೆ. ಮನೆಯ ವರ್ಷದ ಬದುಕೆಲ್ಲ ಆ ಅಟ್ಟದ ಮೇಲಿತ್ತು. ನೀರಾರುವ ತನಕ ಒಂದು ಕಾಯನ್ನೂ ಕದಲಿಸಬಾರದು, ಕದಲಿಸಿದರೆ ಕೊಬ್ಬರಿ ಕೆಡುತ್ತದೆ ಎಂಬುದು ದೊಡ್ಡಮ್ಮನ ಕಟ್ಟಪ್ಪಣೆ. ನಾನು ಬಂದ ಮೊದಲ ವರ್ಷವೇ ಒಳಗೆ ನಿಜವಾಗಿಯೂ ಕೊಬ್ಬರಿಯಾಗುತ್ತಿದೆಯೋ ಇಲ್ಲವೋ ನೋಡೋಣ ಎಂದು ಒಂದನ್ನು ಕದ್ದಿಳಿಸಿ ಕಲ್ಲಿನ ಮೇಲೆ ಒಡೆದಿದ್ದೆ. ಒಳಗೆ ನೀರಿತ್ತು, ಮಾಮೂಲು ಕಾಯಿ. ದೊಡ್ಡಪ್ಪ ಹೋಳುಗಳನ್ನು ಎತ್ತಿ ದೊಡ್ಡಮ್ಮನ ಕೈಗೆ ಕೊಟ್ಟು ಚಟ್ನಿ ಮಾಡು ಅಂದ. ಆಮೇಲೆ ನನ್ನ ಕಡೆ ತಿರುಗಿದ.

"ಒಡೆದು ನೋಡ್ತಾ ಇದ್ರೆ ಕೊಬ್ಬರಿ ಆಗ್ತದಾ ಕೂಸೆ? ಬಿಡು, ನಮ್ಮಪ್ಪ ನೋಡ್ಕೊತಾನೆ."

ದೊಡ್ಡಪ್ಪನ ಬಾಯಲ್ಲಿ 'ನಮ್ಮಪ್ಪ' ಎಂದರೆ ದೇವರು. ಶಿವ ಎಂದಾಗಲಿ ಸ್ವಾಮಿ ಎಂದಾಗಲಿ ಅವನು ಅಂದದ್ದು ಕಡಿಮೆ. ಮಳೆ ಬಂದರೆ ನಮ್ಮಪ್ಪ ಕೊಟ್ಟ, ಬರದಿದ್ದರೆ ನಮ್ಮಪ್ಪ ತಡ ಮಾಡ್ತಾವ್ನೆ. ತೋಟಕ್ಕೆ ಬೇಲಿಯಿಲ್ಲ, ಹಿತ್ತಲ ಬಾಗಿಲಿಗೆ ಚಿಲಕವಿಲ್ಲ. ಈ ವಿಷಯಕ್ಕೆ ಗಂಡ ಹೆಂಡಿರಿಗೆ ವಾರಕ್ಕೊಂದು ಜಗಳ ಖಾಯಂ.

"ಕಾಯೆಲ್ಲ ಕಂಡೋರ ಪಾಲಾಗ್ತೈತೆ. ನಿಮ್ಮಪ್ಪ ಬಂದು ಬೇಲಿ ಕಟ್ಟಿಕೊಡ್ತಾನೇನ್ರೀ?"

"ಹುಟ್ಟಿಸಿದ ದೇವರು ಹುಲ್ಲು ಮೇಯಿಸ್ತಾನೇನೇ?"

ನಾನು ಮೂಲೆಯಲ್ಲಿ ಕೂತು ಯೋಚಿಸುತ್ತಿದ್ದೆ: ಕೊಟ್ಟಿಗೆಯಲ್ಲಿರುವ ದನಗಳನ್ನೂ ಅದೇ ದೇವರೇ ಹುಟ್ಟಿಸಿದ್ದು, ಅವಕ್ಕೆ ಹುಲ್ಲನ್ನೇ ಅಲ್ಲವೇ ಮೇಯಿಸುತ್ತಿರುವುದು? ಅದಕ್ಕಿಂತ ದೊಡ್ಡ ಅನುಮಾನ ಇನ್ನೊಂದಿತ್ತು. ದೇವರು ಅಪ್ಪ ಎನ್ನುವುದಾದರೆ ನನಗೆ ಅವನಿಂದ ಏನೂ ಬೇಡವಾಗಿತ್ತು. ಅಪ್ಪ ಎಂದರೆ ಏನು ಎಂದು ನನಗೆ ಗೊತ್ತಿತ್ತು. ಅಪ್ಪ ಎಂದರೆ ಕೋಡುಬಳೆ ಕೊಡಿಸಿ ಎರಡು ವಾರ ಎಂದು ಹೇಳಿ ಹೋಗುವವನು.

ನನಗೆ ಎಂಟು ತುಂಬಿದಾಗ ಊರಿನ ಅಯ್ಯನವರು ಬಂದು ಲಿಂಗ ಕಟ್ಟಿದರು. ಕಾವಿ ಬಟ್ಟೆಯಲ್ಲಿ ಸುತ್ತಿದ ಪುಟ್ಟ ಗಂಟು, ಕೊರಳಿಗೆ ಬಿಳಿಯ ದಾರ. ಅದು ಮೈಮೇಲಿಂದ ಇಳಿಯಬಾರದು. ಊಟಕ್ಕೆ ಮೊದಲು ಅದನ್ನು ಬಿಚ್ಚಿ, ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ ಪೂಜೆ ಮಾಡಬೇಕು. ಎಲ್ಲಕ್ಕಿಂತ ಕಠಿಣವಾದ ಮಾತೊಂದನ್ನು ಅಯ್ಯನವರು ಕೊನೆಗೆ ಹೇಳಿದರು: ಲಿಂಗ ಕಳೆದುಹೋದರೆ ಅದು ಸಿಗುವ ತನಕ ಅನ್ನ ಮುಟ್ಟುವಂತಿಲ್ಲ, ಮನೆಯ ಹೊಸಿಲು ದಾಟಿ ಊರು ಬಿಡುವಂತಿಲ್ಲ. ದೊಡ್ಡಪ್ಪ ದಿನಾ ಬೆಳಿಗ್ಗೆ ದೇವರ ಗೂಡಿನ ಮುಂದೆ ನಮ್ಮಿಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದ. 'ರೆಪ್ಪೆ ಬಡೀದೆ ನೋಡಿ, ಅಪ್ಪ ಕಾಣ್ತಾನೆ' ಅನ್ನುತ್ತಿದ್ದ. ಕಣ್ಣಲ್ಲಿ ನೀರು ಬರುವ ತನಕ ನೋಡಿದೆ. ಲಿಂಗದ ಕರಿ ಮೈಯ ಮೇಲೆ ಗೋಡೆಯ ಕಿಟಕಿಯ ಬಿಂಬ ಕಾಣುತ್ತಿತ್ತು, ಅಷ್ಟೆ. ನಿನಗೆ ಕಂಡನಾ ಎಂದು ಗಿರಿಜೆಯನ್ನು ಕೇಳಿದರೆ ಹೂಂ ಅಂದಳು. ಮೀಸೆ ಇತ್ತಾ ಅಂದೆ. ಅವಳು ಎದ್ದು ಹೋದಳು.

ನನಗೆ ಒಂಬತ್ತಾಗಿದ್ದಾಗ, ಒಂದು ಶುಕ್ರವಾರ, ಬೇಲೂರಿನ ಕಡೆಯಿಂದ ಬಂದ ಯಾರೋ ಅಪ್ಪನ ಸುದ್ದಿ ತಂದರು. ನಾನು ಬಾಗಿಲ ಸಂದಿಯಲ್ಲಿದ್ದೆ. ಅಪ್ಪನಿಗೆ ಮಗುವಾಗಿದೆ. ತೊಟ್ಟಿಲು ತೂಗಲು ಮನೆಯಲ್ಲಿ ಒಂದು ಹೆಣ್ಣುಮಗು ಬೇಕಾಗಿದೆ. ಸೋಮವಾರ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾನೆ. ಸುದ್ದಿ ತಂದವರು ಹೋದ ಮೇಲೆ ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದನ್ನೂ ನಾನು ನಂಬಲಿಲ್ಲ, ಒಲೆಯ ಹೊಗೆ ಇರಬೇಕು ಅಂದುಕೊಂಡೆ.

"ಹೆತ್ತೋನು ಕೇಳ್ತಾವ್ನೆ. ನಾವು ಯಾವ ಬಾಯಲ್ಲಿ ಇಲ್ಲ ಅನ್ನೋದ್ರೀ?"

"ನೋಡೋಣ. ನಮ್ಮಪ್ಪ ಏನ್ ದಾರಿ ತೋರಿಸ್ತಾನೋ."

ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಇವರ ಅಪ್ಪ ನನ್ನ ಅಪ್ಪನ ಕಡೆಯೇ ಮಾತಾಡುತ್ತಾನೆ. ಅಪ್ಪಂದಿರೆಲ್ಲ ಒಂದೇ ಜಾತಿ. ದೇವರ ಮೇಲೆ ಭಾರ ಹಾಕಿದರೆ ಕೆಟ್ಟ ಹೆಸರು ತಮಗೆ ಬರುವುದಿಲ್ಲ ಎಂದು ದೊಡ್ಡಪ್ಪ ಹೂಡಿದ ಉಪಾಯ ಇದು ಎಂದೂ ಅನಿಸಿತು. ಹಾಗಾಗಿ ನನ್ನ ದಾರಿಯನ್ನು ನಾನೇ ನೋಡಿಕೊಂಡೆ. ಶನಿವಾರ ಬೆಳಗಿನ ಪೂಜೆಯಾದ ಮೇಲೆ ಏಣಿ ಹತ್ತಿ, ಕೊರಳಿನ ಗಂಟನ್ನು ಬಿಚ್ಚಿ, ಅಟ್ಟದ ಮೂಲೆಯಲ್ಲಿ ಕಾಯಿಗಳ ಸಂದಿಗೆ ಇಳಿಬಿಟ್ಟೆ. ಲಿಂಗವಿಲ್ಲದವಳನ್ನು ಊರು ಬಿಡಿಸುವಂತಿಲ್ಲ ಎಂದು ಅಯ್ಯನವರೇ ಹೇಳಿದ್ದಾರಲ್ಲ. ಎರಡು ದಿನ ಹಸಿದರೆ ಹಸಿಯಲಿ ಎಂದು ಲಂಗದ ಜೇಬಿನಲ್ಲಿ ಬೆಲ್ಲದ ಉಂಡೆ ಬೇರೆ ಇಟ್ಟುಕೊಂಡಿದ್ದೆ.

ಮಧ್ಯಾಹ್ನ ಊಟಕ್ಕೆ ಮೊದಲು ಪೂಜೆಗೆ ಕೂತಾಗ ಬರಿಗೊರಳು ಬಯಲಾಯಿತು. ದೊಡ್ಡಮ್ಮ ಎದೆ ಹಿಡಿದುಕೊಂಡು ಕೂತುಬಿಟ್ಟಳು. ಬಚ್ಚಲು, ಬಾವಿಕಟ್ಟೆ, ಕೊಟ್ಟಿಗೆ, ಹುಲ್ಲಿನ ಮೆದೆ ಎಲ್ಲ ಹುಡುಕಿದರು. ಗಿರಿಜಾ ಸಗಣಿಯ ಗುಂಡಿಯಲ್ಲೂ ಕೋಲಾಡಿಸಿದಳು. ಹುಡುಕುವವರ ಜೊತೆಗೆ ನಾನೂ ಹುಡುಕಿದೆ, ಅದರಲ್ಲೂ ಎಲ್ಲರಿಗಿಂತ ಜೋರಾಗಿ. ಅಯ್ಯನವರಿಗೆ ಹೇಳಿ ಕಳಿಸಿದರೆ ಅವರು ಊರಲ್ಲಿಲ್ಲ, ಮಂಗಳವಾರ ಬರುತ್ತಾರೆ ಎಂಬ ಉತ್ತರ ಬಂತು. ದೊಡ್ಡಮ್ಮ ನನ್ನ ತಟ್ಟೆಯನ್ನು ಹಿಡಿದು ಏನು ಮಾಡುವುದೆಂದು ತಿಳಿಯದೆ ನಿಂತಿದ್ದಳು. ಆಗ ದೊಡ್ಡಪ್ಪ ಬಂದು ಆ ತಟ್ಟೆಯನ್ನು ತೆಗೆದುಕೊಂಡು ನನ್ನ ಮುಂದಿಟ್ಟ.

"ಅವ್ಳು ಉಣ್ಲಿ. ಅವ್ಳ ಬದ್ಲು ನಾನು ಉಪವಾಸ ಇರ್ತೀನಿ. ನಮ್ಮಪ್ಪ ಒಪ್ಕೊತಾನೆ."

ಈ ತಿರುವು ನನ್ನ ಲೆಕ್ಕದಲ್ಲಿರಲಿಲ್ಲ. ಮೊದಲು ಬಂದದ್ದು ಕನಿಕರವಲ್ಲ, ಅನುಮಾನವೇ. ಯಾರಾದರೂ ಇನ್ನೊಬ್ಬರ ಮಗುವಿಗಾಗಿ ಹಸಿದಿರುತ್ತಾರೆಯೇ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಎಲ್ಲೋ ಕದ್ದು ತಿನ್ನುತ್ತಾನೆ ಅಂದುಕೊಂಡೆ. ಶನಿವಾರ ಸಂಜೆಯವರೆಗೂ ಅವನ ಹಿಂದೆ ತಿರುಗಿದೆ. ತೋಟಕ್ಕೆ ಹೋದರೆ ಬಾಳೆಗೊನೆಯಲ್ಲಿ ಎಷ್ಟು ಹಣ್ಣಿವೆ ಎಂದು ಎಣಿಸಿ ಇಟ್ಟುಕೊಂಡೆ. ಮರದಡಿ ಎಳನೀರಿನ ಬುರುಡೆ ಹೊಸದಾಗಿ ಬಿದ್ದಿದೆಯೇ ನೋಡಿದೆ. ಗೂಟಕ್ಕೆ ನೇತುಹಾಕಿದ ಅವನ ಟವೆಲನ್ನು ಮೂಸಿದೆ, ಬೆವರಿನ ವಾಸನೆ ಬಿಟ್ಟರೆ ಬೇರೇನಿಲ್ಲ. ಪೂಜೆಯ ತೀರ್ಥ ಒಂದು ಉದ್ಧರಣೆ, ಅಷ್ಟೇ ಅವನ ಬಾಯಿಗೆ ಹೋಗಿದ್ದು. ಭಾನುವಾರ ಮಧ್ಯಾಹ್ನ ಜಗಲಿಯ ಮೇಲೆ ಕಣ್ಣು ಮುಚ್ಚಿ ಒರಗಿದ್ದ. ನನಗೆ ತಡೆಯಲಾಗಲಿಲ್ಲ.

"ದೊಡ್ಡಪ್ಪ, ಬಾಯಿ ತೆಗೀರಿ ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದರು. ದೊಡ್ಡಪ್ಪ ಚಿಕ್ಕ ಮಗುವಿನ ಹಾಗೆ ಆ ಎಂದು ಬಾಯಿ ತೆರೆದ. ನಾಲಿಗೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿತ್ತು. ತುಟಿಯ ಎರಡೂ ತುದಿ ಒಡೆದಿತ್ತು.

"ಏನಾದ್ರೂ ಕಾಣ್ತಾ ಕೂಸೆ?"

ಏನೂ ಇಲ್ಲ ಅಂದೆ. ಅಲ್ಲಿಂದ ಎದ್ದವಳು ನೇರವಾಗಿ ಅಟ್ಟಕ್ಕೆ ಹೋದೆ. ಲಿಂಗ ಸಿಕ್ಕಿತು ಎಂದು ಸುಳ್ಳು ಹೇಳಿ ಇದನ್ನೆಲ್ಲ ಮುಗಿಸಿಬಿಡಬೇಕಾಗಿತ್ತು. ಇಳಿಬಿಟ್ಟ ಸಂದಿಗೆ ಕೈ ಹಾಕಿದೆ, ತೋಳು ಪೂರ್ತಿ ಹಾಕಿದೆ. ಗಂಟು ಕಾಯಿಗಳ ನಡುವೆ ಎಲ್ಲೋ ಆಳಕ್ಕೆ ಜಾರಿಹೋಗಿತ್ತು. ಕಾಯಿ ಕದಲಿಸದೆ ತೆಗೆಯುವ ಹಾಗಿಲ್ಲ, ಕದಲಿಸಿದರೆ ವರ್ಷದ ಬೆಳೆ ಹಾಳು. ಕಳೆದುಹೋಗಿದೆ ಎಂದು ಸುಳ್ಳು ಹೇಳಿದ್ದೆ, ಈಗ ನಿಜವಾಗಿಯೂ ಕಳೆದುಹೋಗಿತ್ತು. ಅಟ್ಟದ ಮೇಲೆ ಕೂತು ಜೇಬಿನ ಬೆಲ್ಲವನ್ನು ಕಿಟಕಿಯಿಂದಾಚೆ ಎಸೆದು ಅತ್ತೆ. ಮಾಡಿದ್ದುಣ್ಣೋ ಮಹರಾಯ ಅಂತಾರಲ್ಲ, ನನ್ನ ವಿಷಯದಲ್ಲಿ ಅದೂ ಸುಳ್ಳಾಯಿತು. ಮಾಡಿದವಳು ನಾನು, ಅನುಭವಿಸುತ್ತಿದ್ದವನು ಅವನು.

ಸೋಮವಾರ ಹನ್ನೊಂದರ ಬಸ್ಸಿಗೆ ಅಪ್ಪ ಬಂದ. ಹೊಸ ಅಂಗಿ, ಕೈಯಲ್ಲಿ ಕಿತ್ತಳೆ ಹಣ್ಣಿನ ಚೀಲ. ದೊಡ್ಡಮ್ಮ ಉಪ್ಪಿಟ್ಟು ಕೊಟ್ಟಳು. ಎರಡು ದಿನದಿಂದ ಹಸಿದವನ ಎದುರಿಗೇ ಕೂತು ತಿಂದ, ನೀವೂ ತಗೊಳ್ಳಿ ಎಂದು ಒಂದು ಮಾತೂ ಹೇಳಲಿಲ್ಲ.

"ಮನೇಲಿ ಕೂಸು ಐತಣ್ಣ. ಇವ್ಳು ಇದ್ರೆ ತೊಟ್ಟಿಲು ಗಿಟ್ಟಿಲು ತೂಗ್ತಾಳೆ. ಇಸ್ಕೂಲು ಆಮೇಲೆ ನೋಡಿದ್ರಾಯ್ತು. ನಾಲ್ಕರ ಬಸ್ಸಿಗೆ ಹೊರಟ್ರೆ ಬೇಲೂರಲ್ಲಿ ಜೀಪು ಸಿಗ್ತದೆ."

"ಲಿಂಗ ಕಳೆದೈತೆ ಕಣಪ್ಪ. ಹೊಸಿಲು ದಾಟ್ಸೋದು ಹೆಂಗೆ?"

"ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೊತೀರ? ಬೇಲೂರಲ್ಲಿ ಯಾರ್ನಾದ್ರೂ ಅಯ್ಯನೋರ್ನ ಹಿಡ್ಕೊಂಡು ಇನ್ನೊಂದು ಕಟ್ಟಿಸ್ತೀನಿ ಬಿಡಿ."

ದೊಡ್ಡಪ್ಪ ತನ್ನ ಅಂಗೈ ನೋಡಿಕೊಂಡ. ಆಮೇಲೆ ಮೆಲ್ಲಗೆ ಹೇಳಿದ.

"ಹೆತ್ತೋನು ನೀನು. ಬ್ಯಾಡ ಅನ್ನೋಕೆ ನಂಗೇನು ಹಕ್ಕೈತೆ."

ನೋಡಿದೆಯಾ, ಕೊನೆಗೂ ಬಿಟ್ಟುಕೊಟ್ಟ! ಆಗ ನಾನು ಬಾಯಿ ಬಿಟ್ಟದ್ದು ಸತ್ಯ ಹೇಳಬೇಕೆಂದಲ್ಲ, ಕೋಪಕ್ಕೆ. ಬಾಗಿಲ ಹಿಂದಿನಿಂದ ನುಗ್ಗಿ ಬಂದು ಕಿರುಚಿದೆ.

"ಕಳೆದಿಲ್ಲ! ಅಟ್ಟದ ಮೇಲೈತೆ! ನಾನೇ ಬಚ್ಚಿಟ್ಟಿದ್ದು! ನೀವು ಸುಮ್‌ಸುಮ್ನೆ ಉಪವಾಸ ಇದ್ರಿ! ನಾನು ಇಲ್ಲೇ ಇರಬೇಕು ಅಂತ ಬಚ್ಚಿಟ್ಟೆ, ನಿಮಗೆ ಬೇಡವಾದ್ರೆ ಕಳ್ಸಿಬಿಡಿ!"

ದೊಡ್ಡಮ್ಮ ಬಾಯಿಗೆ ಸೆರಗು ಮುಚ್ಚಿಕೊಂಡಳು. ಅಪ್ಪ ನಕ್ಕ.

"ಸರಿಹೋಯ್ತು ಬಿಡು! ತಗೊಂಡ್ಬಾ ಹಂಗಾರೆ, ಹೊರಡೋಣ."

ದೊಡ್ಡಪ್ಪ ನಗಲಿಲ್ಲ, ಬೈಯಲೂ ಇಲ್ಲ. ನನ್ನ ಮುಖವನ್ನು ಒಂದು ಗಳಿಗೆ ನೋಡಿದ. ಕಂಬ ಹಿಡಿದುಕೊಂಡು ಎದ್ದ. ಎಲ್ಲಿಟ್ಟೆ ಎಂದು ಕೇಳಿದ. ಮೂಲೆಯಲ್ಲಿ, ಆದರೆ ಆಳಕ್ಕೆ ಜಾರಿದೆ ಅಂದೆ. ಏಣಿ ತಂದು ಅಟ್ಟಕ್ಕೆ ಒರಗಿಸಿದ.

"ಕಾಯೆಲ್ಲ ಇಳಿಸ್ಬೇಕು."

"ಏನಂದ್ರಿ? ಇನ್ನೂ ನೀರಾರಿಲ್ಲ ಕಣ್ರೀ! ಈಗ ಮುಟ್ಟಿದ್ರೆ ಒಂದೂ ದಕ್ಕಲ್ಲ! ವರ್ಷದ ಗಂಜಿ ಅದು!"

"ಲಿಂಗ ಅಲ್ಲೈತೆ ಕಣೇ. ಕಾಯಿ ಮುಖ್ಯನಾ?"

ಲಿಂಗ ಎಂದ ಮೇಲೆ ದೊಡ್ಡಮ್ಮನಾಗಲಿ ಅಪ್ಪನಾಗಲಿ ಎದುರಾಡುವ ಹಾಗಿರಲಿಲ್ಲ. ಅಟ್ಟದ ಮೇಲೆ ನಾನು ಮತ್ತು ದೊಡ್ಡಪ್ಪ, ಏಣಿಯ ಮೇಲೆ ಗಿರಿಜಾ, ಕೆಳಗೆ ದೊಡ್ಡಮ್ಮ. ದೊಡ್ಡಪ್ಪ ಒಂದೊಂದೇ ಕಾಯಿ ಎತ್ತಿ ನನಗೆ ಕೊಡುವುದು, ನಾನು ಗಿರಿಜೆಗೆ, ಅವಳು ಕೆಳಕ್ಕೆ. ನಡುಮನೆ ತುಂಬಿ ಅಂಗಳಕ್ಕೂ ಹೋಯಿತು. ಆಚೆ ಬೆಳಿಗ್ಗೆಯಿಂದ ತುಂತುರು ಹನಿಯುತ್ತಿತ್ತು. ದೊಡ್ಡಮ್ಮ ಒಂದೊಂದು ಕಾಯಿಗೂ ನನ್ನ ಹೆಸರು ಹಿಡಿದು ಬೈಯುತ್ತಿದ್ದಳು: 'ಅಪಾಪೋಲಿ ಮುಂಡೇದೆ, ನಿನ್ ಬಾಯಿಗಿಷ್ಟು ಮಣ್ಣಾಕ!' ಆ ಬೈಗುಳ ಕಿವಿಗೆ ಬಿದ್ದು ನನ್ನ ಜೀವ ಎಷ್ಟು ಹಗುರಾಯಿತು ಅಂದರೆ, ಆ ಹೊತ್ತಿನಲ್ಲಿ ನಗು ಬಂತು, ತಡೆದುಕೊಂಡೆ. ಅಪ್ಪ ಜಗಲಿಯಲ್ಲಿ ಕೂತು ಬೀಡಿ ಸೇದುತ್ತ ಗಳಿಗೆಗೊಮ್ಮೆ ಸಿಕ್ತೇನಣ್ಣ ಎಂದು ಕೂಗುತ್ತಿದ್ದ.

ಒಂದೂವರೆ ಗಂಟೆಯ ಮೇಲಾಗಿತ್ತು ಅಂತ ಕಾಣುತ್ತದೆ. ಗಾಜಿನ ಹೆಂಚಿನಿಂದ ಬೀಳುವ ಬೆಳಕಿನಲ್ಲಿ ದೊಡ್ಡಪ್ಪನ ಎಡಮೊಣಕಾಲಿನ ಪಕ್ಕ ಕಾವಿ ಬಟ್ಟೆಯ ತುದಿ ಕಂಡಿತು. ನನ್ನ ಕಣ್ಣು ಇಂಥದ್ದನ್ನು ತಪ್ಪಿಸಿಕೊಳ್ಳುವ ಕಣ್ಣಲ್ಲ. ಅಲ್ಲಿಗೆ ಎಲ್ಲ ಮುಗಿಯಿತು, ಇನ್ನು ನಾಲ್ಕರ ಬಸ್ಸು ಅಂದುಕೊಂಡೆ. ದೊಡ್ಡಪ್ಪನೂ ಅದನ್ನು ನೋಡಿದ. ನೋಡಿದ್ದನ್ನು ನಾನು ನೋಡಿದೆ. ಅವನ ಕೈಯಲ್ಲಿ ಒಂದು ಕಾಯಿ ಇತ್ತು. ಅದನ್ನು ನನಗೆ ಕೊಡಲಿಲ್ಲ. ಮೆಲ್ಲಗೆ ಆ ಬಟ್ಟೆಯ ಮೇಲಿಟ್ಟ. ಅದರ ಪಕ್ಕ ಇನ್ನೊಂದಿಟ್ಟ, ಮೇಲೊಂದಿಟ್ಟ. ನನ್ನ ಕಡೆ ತಿರುಗದೆ ಎರಡೂ ಕೈಯಲ್ಲಿ ಗಲ್ಲ ಬಡಿದುಕೊಂಡ, ತಪ್ಪಾಯಿತು ಎಂದು ದೇವರ ಮುಂದೆ ಬಡಿದುಕೊಳ್ಳುತ್ತೇವಲ್ಲ ಹಾಗೆ. ಆಮೇಲೆ ಕೆಳಕ್ಕೆ ಕೇಳುವಂತೆ ಕೂಗಿದ.

"ಈ ಮೂಲೇಲಿ ಇಲ್ಲ ಕಣಪ್ಪ! ಆ ಕಡೆ ತೆಗೀಬೇಕು!"

ಮತ್ತೆ ಎರಡು ಗಂಟೆ, ಅನ್ನ ನೀರಿಲ್ಲದ ಮೈಯಲ್ಲಿ, ಇನ್ನೊಂದು ಮೂಲೆಯ ಕಾಯನ್ನೆಲ್ಲ ಇಳಿಸಿದ. ಏದುಸಿರು ಬಿಡುತ್ತಿದ್ದ. ನಡುನಡುವೆ ಗೋಡೆಗೆ ತಲೆಯಾನಿಸಿ ನಿಲ್ಲುತ್ತಿದ್ದ. ನಾನು ಕಾಯಿ ಈಸಿಕೊಳ್ಳುತ್ತ ಹೋದೆ, ಕಣ್ಣೀರು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನಾಲ್ಕು ಹೊಡೆಯುವ ಹೊತ್ತಿಗೆ ಅಪ್ಪನಿಗೆ ಸಾಕಾಗಿತ್ತು.

"ಸಿಕ್ಕಿದ್ಮೇಲೆ ಕಾಗ್ದ ಹಾಕಿ ಅಣ್ಣ, ಬತ್ತೀನಿ."

ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆದು ಹೋದದ್ದು ಅಟ್ಟದ ಮೇಲಿದ್ದ ನಮಗೂ ಕೇಳಿಸಿತು. ದೊಡ್ಡಪ್ಪ ಮೊದಲಿನ ಮೂಲೆಗೆ ತೆವಳಿ ಹೋಗಿ ಮೂರು ಕಾಯಿ ಸರಿಸಿದ.

"ಓಹೋ, ಇಲ್ಲೈತಲ್ಲ ಕಣೇ!" ಎಂದ. ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕೆಳಗಿನಿಂದ ದೊಡ್ಡಮ್ಮ ತಲೆಯೆತ್ತಿ ಗಂಡನ ಮುಖ ನೋಡಿದಳು. ಸೀದಾ ಒಳಗೆ ಹೋಗಿ ಮುದ್ದೆಗೆ ಎಸರಿಟ್ಟಳು.

ಆ ಕಾಗದವನ್ನು ದೊಡ್ಡಪ್ಪ ಬರೆಯಲಿಲ್ಲ. ಅಪ್ಪ ಇನ್ನೆಂದೂ ಕೇಳಿಕೊಂಡು ಬರಲಿಲ್ಲ. ತೊಟ್ಟಿಲು ತೂಗಲು ಬೇರೆ ಯಾರೋ ಸಿಕ್ಕಿರಬೇಕು. ಆ ವರ್ಷದ ಕಾಯಿ ಮುಕ್ಕಾಲು ಪಾಲು ಬೂಷ್ಟು ಹಿಡಿದು ಗೊಬ್ಬರದ ಗುಂಡಿ ಸೇರಿತು. ಹಬ್ಬಕ್ಕೆ ನಮ್ಮಿಬ್ಬರಿಗೂ ಹೊಸ ಲಂಗವಿಲ್ಲ, ದೊಡ್ಡಮ್ಮನ ಬೈಗುಳಕ್ಕೆ ಬಿಡುವಿಲ್ಲ, ತುಪ್ಪವಂತೂ ಇಬ್ಬರಿಗೂ ಇಲ್ಲ. ಅವತ್ತು ನನಗೆ ದೇವರ ಮೇಲೆ ನಂಬಿಕೆ ಬಂತು ಅಂದರೆ ಸುಳ್ಳಾಗುತ್ತದೆ. ಬಂದದ್ದು ದೊಡ್ಡಪ್ಪನ ಮೇಲೆ. ಆದರೆ ಲಿಂಗವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದ ಮನುಷ್ಯ ಅದೇ ಲಿಂಗದ ಮೇಲೆ ಕಾಯಿ ಮುಚ್ಚಿ ಸುಳ್ಳು ಹೇಳಬೇಕಾದರೆ, ಒಂದು ಮಗುವಿಗೋಸ್ಕರ ಹೇಳಿದ ಸುಳ್ಳನ್ನು ತನ್ನ ಅಪ್ಪ ಹೊಟ್ಟೆಗೆ ಹಾಕಿಕೊಳ್ಳುತ್ತಾನೆ ಎಂದು ಅವನಿಗೆ ಎಷ್ಟು ಗಟ್ಟಿಯಾಗಿ ಗೊತ್ತಿದ್ದಿರಬೇಕು! ಅಂಥವನನ್ನು ಬೆಳೆಸಿದ ಅಪ್ಪನೊಬ್ಬ ಇದ್ದರೂ ಇರಬಹುದು ಎಂದು ನಾನು ಯೋಚಿಸತೊಡಗಿದ್ದು ಅಲ್ಲಿಂದ. ಈಗಲೂ ಅದಕ್ಕಿಂತ ಹೆಚ್ಚು ನಾನು ಒಪ್ಪಿಕೊಂಡಿಲ್ಲ, ಅದಕ್ಕಿಂತ ಕಡಿಮೆಗೂ ಇಳಿದಿಲ್ಲ.

ಅವತ್ತು ಸಂಜೆ ದೊಡ್ಡಪ್ಪ ಸ್ನಾನ ಮಾಡಿ ಬಂದು, ಲಿಂಗವನ್ನು ನೀರಿನಲ್ಲಿ ತೊಳೆದು, ಹಾಲಿನಲ್ಲಿ ತೊಳೆದು, ತನ್ನ ಕೈಯಾರೆ ನನ್ನ ಕೊರಳಿಗೆ ಕಟ್ಟಿದ. ನಡುಮನೆಯ ತುಂಬ ಕಾಯಿ ಬಿದ್ದಿದ್ದರಿಂದ ದೊಡ್ಡಪ್ಪನೂ ನಾನೂ ಅಡಿಗೆಮನೆಯಲ್ಲಿ ಒಲೆಯ ಪಕ್ಕ ಒತ್ತಿಕೊಂಡು ಕೂತೆವು. ದೊಡ್ಡಮ್ಮ ಇಬ್ಬರ ತಟ್ಟೆಗೂ ಮುದ್ದೆ ಇಟ್ಟು ಸಾರು ಹಾಕಿ ಆಚೆ ಹೋದಳು. ದೊಡ್ಡಪ್ಪ ಮೊದಲ ತುತ್ತು ಮುರಿದ. ನಾನು ಮುರಿಯಲಿಲ್ಲ.

"ದೊಡ್ಡಪ್ಪ, ಅದು ಯಾವಾಗ ಸಿಕ್ತು?"

"ಬಸ್ಸು ಹೋದ್ಮೇಲೆ. ನೀನೇ ನೋಡ್ದಲ್ಲ."

"ಸುಳ್ಳು."

ದೊಡ್ಡಪ್ಪ ಬಾಯಿಯ ಹತ್ತಿರ ತಂದ ತುತ್ತನ್ನು ತಟ್ಟೆಗಿಳಿಸಿದ.

"ಹೂಂ ಕಣವ್ವ, ಸುಳ್ಳೇ," ಅಂದ. "ಉಣ್ಣು."